ತ್ರೀ ಪೀಸ್ ಅಲಾಯ್‌ಗೆ ಬಾತ್‌ರೂಮ್ ಆಸಿಡ್ ಹಾಕಬಹುದೇನ್ರಿ?

ಪ್ರಶ್ನೆ: "ಅಣ್ಣಾರ, ಕಾರಿಗೆ ಸೆಕೆಂಡ್‌ಹ್ಯಾಂಡ್‌ದಾಗ ತ್ರೀ ಪೀಸ್ ಅಲಾಯ್ ವೀಲ್ ತಗೊಂಡೀನಿ. ಲಿಪ್ ಪೂರಾ ಮಂಕಾಗೈತಿ, ಬೋಲ್ಟ್ ಸುತ್ತ ಕರೀ ಹೊಲಸು ಕುಂತೈತಿ, ಶಾಂಪೂಗೆ ಹೋಗವಲ್ದು. ವಾಷಿಂಗ್ ಸೆಂಟರ್‌ನವ್ರು ಆಸಿಡ್ ಹಾಕಿದ್ರ ಹೊಸಾದರಂಗ ಆಗತೈತಿ ಅಂತಾರ. ಹಾಕಿಸಲೇನು?"

ಬ್ಯಾಡ್ರಿ.

ಇಷ್ಟಕ್ಕ ಮುಗಿಸಬಹುದಿತ್ತು. ಆದ್ರ ಹಿಂಗ ಒಂದ ಮಾತಿನ್ಯಾಗ ಹೇಳಿದಾಗೆಲ್ಲಾ "ಯಾಕ್ರಿ, ನಮ್ಮ ಗೆಳೆಯಾ ಹಾಕಿದ್ದ, ಮಸ್ತ್ ಆಗಿತ್ತಲ್ಲ" ಅಂತ ಹೊಳ್ಳಿ ಬರತಾರ, ಅದಕ್ಕ ಈ ಸಲ ಪೂರ್ತಿ ಬರದ ಬಿಡತೀನಿ, ಇನ್ನ ಮುಂದ ಕೇಳಿದವ್ರಿಗೆ ಇದನ್ನ ಕಳಸೋದು ಅಷ್ಟ.

ಮದಲ ನಿಮ್ಮ ವೀಲ್ ಏನೈತಿ ನೋಡ್ಕೊಳ್ರಿ. ನಡುವಿನ ಮುಖ ಒಂದು, ಹೊರಗಿನ ಅಂಚು ಅಂದ್ರ ಲಿಪ್ ಒಂದು, ಒಳಗಿನ ಡ್ರಮ್ಮಿನಂಥ ಬ್ಯಾರಲ್ ಒಂದು, ಮೂರೂ ಸೇರಿಸಿ ಸುತ್ತಲೂ ಸಣ್ಣ ಬೋಲ್ಟ್ ಬಿಗದು, ಗಾಳಿ ಹೋಗಬಾರದಂತ ಸಂದಿಗೆ ಸಿಲಿಕಾನ್ ಸೀಲೆಂಟ್ ಎಳದಿರತಾರ. ಜರ್ಮನಿಯ ಬಿಬಿಎಸ್ ಕಂಪನಿಯ ಆರ್‌ಎಸ್ 1983ರಾಗ ಬಂದಾಗಿಂದ ಈ ಬೋಲ್ಟಿನ ಡಿಸೈನ್‌ಗೆ ಜನ ಹುಚ್ಚಾಗ್ಯಾರ. ರೇಸಿನವ್ರಿಗೆ ಇದರಾಗ ಖರೇನ ಉಪಯೋಗ ಇತ್ತು, ಲಿಪ್ ಬಗ್ಗಿದ್ರ ಲಿಪ್ ಒಂದ ಬದಲಸಬಹುದು, ಅಗಲ ಹೆಚ್ಚು ಕಮ್ಮಿ ಮಾಡಬಹುದು. ನಮಗ ಉಳಿಯೋದು ತೊಳಿಯೋ ಕೆಲಸ. ಅದು ಯಾಕ ತ್ರಾಸು ಅಂದ್ರ ಒಂದ ವೀಲಿನ್ಯಾಗ ಮೂರ್ನಾಕು ಥರದ ಫಿನಿಶ್ ಇರತಾವ: ಮುಖಕ್ಕ ಪೇಂಟ್ ಇಲ್ಲಾ ಪೌಡರ್ ಕೋಟಿಂಗ್, ಲಿಪ್ ಬರೇ ಪಾಲಿಶ್ ಮಾಡಿದ ಅಲ್ಯುಮಿನಿಯಂ ಇಲ್ಲಾ ಅನೋಡೈಸ್ ಮಾಡಿದ್ದು (ಕರೆಂಟ್ ಹಾಯಿಸಿ ಆಕ್ಸೈಡ್ ಪದರ ದಪ್ಪ ಮಾಡಿದ್ದು) ಇಲ್ಲಾ ಮ್ಯಾಲ ಬಣ್ಣ ಇಲ್ಲದ ವಾರ್ನಿಷಿನಂಥ ಕ್ಲಿಯರ್ ಕೋಟ್ ಹೊಡದದ್ದು, ಬೋಲ್ಟ್ ಸ್ಟೀಲಿಂದು, ಕೆಲವಕ್ಕ ಕ್ರೋಮ್, ಭಾಳ ತುಟ್ಟಿ ವೀಲ್ ಇದ್ರ ಟೈಟಾನಿಯಂ. ಇವಕ್ಕೆಲ್ಲಾ ಒಂದ ಬಾಟ್ಲಿ ಸುರುವಿದ್ರ ಏನಾಗಬೇಕ್ರಿ?

ಈಗ ಆಸಿಡ್ ವಿಷಯಕ್ಕ ಬರೂಣು. ಈ ಸುಳ್ಳು ಸಾಯವಲ್ದು, ಯಾಕಂದ್ರ ಮದಲ ಐದು ನಿಮಿಷ ಅದು ಖರೇ ಅನಸತೈತಿ. ಟಾಯ್ಲೆಟ್ ಆಸಿಡ್ ಅಂದ್ರ ಹೆಚ್ಚಿನಂಶ ಹೈಡ್ರೋಕ್ಲೋರಿಕ್ ಆಸಿಡ್. ಲಿಪ್ ಮ್ಯಾಲ ಹಾಕಿದ ಸ್ವಲ್ಪ ಹೊತ್ತಿಗೆ ಬುಸುಬುಸು ನೊರಿ ಏಳತೈತಿ, ನೋಡವ್ರು "ಅಬಬಾ, ಹೊಲಸು ಹೆಂಗ ಬಿಡಾಕತ್ತೈತಿ ನೋಡ್ರಿ" ಅಂತಾರ. ಹೊಲಸಲ್ರಿ ಅದು, ನಿಮ್ಮ ವೀಲ್ ಕರಗಾಕತ್ತೈತಿ. ಅಲ್ಯುಮಿನಿಯಂ ಮ್ಯಾಲ ಆಸಿಡ್ ಬಿದ್ರ ಅಲ್ಯುಮಿನಿಯಂ ಕ್ಲೋರೈಡ್ ಆಗಿ ನೀರಿನ್ಯಾಗ ಹೋಗತೈತಿ, ಹೈಡ್ರೋಜನ್ ಗುಳ್ಳಿ ಆಗಿ ಮ್ಯಾಲ ಬರತೈತಿ. ಆ ನೊರಿಯೊಳಗಿನ ಗಾಳಿ ಅದ. ತೊಳದ ಮ್ಯಾಲ ಬೆಳ್ಳಗ ಕಾಣತೈತಿ ಖರೇ, ಯಾಕಂದ್ರ ಮ್ಯಾಲಿನ ಪದರ ಕಿತ್ತು ಹೋಗಿ ತಳದ ಹಸೀ ಲೋಹ ಬಯಲಾಗಿರತೈತಿ, ಆದ್ರ ಅದು ಹೊಳಪಲ್ಲ, ಬೂದಿ ಬಳದಂಥ ಬಿಳುಪು. ಉಗುರಿನಿಂದ ಸವರಿ ನೋಡ್ರಿ, ಮದಲು ಗಾಜಿನಂಗ ಜಾರತಿದ್ದ ಲಿಪ್ ಈಗ ಸೀಮೆಸುಣ್ಣದಂಗ ತರಿತರಿ ಹತ್ತತೈತಿ.

ಇದಕ್ಕೊಂದು ಖಾಯಂ ವಾದ ಬರತೈತಿ: "ನಮ್ಮವ್ವ ಹಿತ್ತಾಳಿ ತಂಬಿಗಿಗೆ ಹುಣಸಿಹಣ್ಣು ಹಚ್ಚಿ ತಿಕ್ಕತಾಳ, ಅದೂ ಹುಳೀನ ಅಲ್ಲಾ, ತಂಬಿಗಿಗೆ ಏನೂ ಆಗಂಗಿಲ್ಲಲ್ಲ?" ಒಳ್ಳೆ ಪ್ರಶ್ನೆ. ತಾಮ್ರ ಹಿತ್ತಾಳಿ ಮ್ಯಾಲ ಕುಂತ ಕರೀ ಪದರ ಹುಳಿಗೆ ಕರಗತೈತಿ, ಒಳಗಿನ ತಾಮ್ರ ಆ ಹುಳಿಗೆ ಅಷ್ಟ ಸುಲಭಕ್ಕ ಬಗ್ಗಂಗಿಲ್ಲ, ಅದಕ್ಕ ತಂಬಿಗಿ ಉಳೀತೈತಿ. ಅಲ್ಯುಮಿನಿಯಂದು ಪೂರಾ ಉಲ್ಟಾ. ಅದರ ಮ್ಯಾಲಿನ ಆಕ್ಸೈಡ್ ಪದರನ ಅದಕ್ಕ ಕಾವಲು, ಅದೂ ದಪ್ಪಲೆ ಕೆಲವು ನ್ಯಾನೊಮೀಟರ್ ಅಷ್ಟ. ಆ ಕಾವಲು ತಗದ್ರ ಒಳಗಿನ ಲೋಹ ಸಿಕ್ಕದ್ದರ ಜೋಡಿ ಜಗಳಕ್ಕ ನಿಂದರತೈತಿ. ಅದೇ ಅವ್ವನ್ನ ಕೇಳ್ರಿ, ಜರ್ಮನ್ ಪಾತ್ರಿಯೊಳಗ ಹುಣಸಿಹುಳಿ ಹಾಕಿದ ಸಾರು ರಾತ್ರಿಪೂರಾ ಇಡತಾಳೇನು? ಇಡಂಗಿಲ್ಲ. ಜರ್ಮನ್ ಪಾತ್ರಿ ಅಂದ್ರೂ ಅಲ್ಯುಮಿನಿಯಂನ, ನಿಮ್ಮ ಲಿಪ್ಪೂ ಅಲ್ಯುಮಿನಿಯಂನ.

"ಹಂಗಾದ್ರ ಆಸಿಡ್ ಬ್ಯಾಡ, ಸೋಡಾ ಹಾಕತೀನಿ" ಅಂತಾರ ಇನ್ನೊಂದಿಷ್ಟು ಮಂದಿ. ಕಾಸ್ಟಿಕ್ ಸೋಡಾ ಅದಕ್ಕಿಂತಾ ಕೆಟ್ಟದ್ದು. ಅಲ್ಯುಮಿನಿಯಂ ಆಸಿಡ್‌ಗೂ ಕರಗತೈತಿ, ಕ್ಷಾರಕ್ಕೂ ಕರಗತೈತಿ. ಅನೋಡೈಸ್ ಪದರನ ತಗೀಬೇಕಾದ್ರ ಫ್ಯಾಕ್ಟರಿಯವ್ರು ಬಳಸೋದ ಕಾಸ್ಟಿಕ್. ಎಂಜಿನ್ ತೊಳಿಯೋ ಸ್ಟ್ರಾಂಗ್ ಡಿಗ್ರೀಸರ್‌ಗಳು ಭಾಳಷ್ಟು ಕ್ಷಾರದ್ದ ಇರತಾವ, ಅವನ್ನ ವೀಲಿಗೆ ಹೊಡದು ಚಾ ಕುಡಿಯಾಕ ಹೋದ್ರ ಬರೋದ್ರಾಗ ಲಿಪ್ ಮ್ಯಾಲ ನೀರು ಇಳದ ಗೆರಿ ಖಾಯಂ ಮೂಡಿರತಾವ.

ಸಿಂಗಲ್ ಪೀಸ್ ವೀಲ್ ಆಗಿದ್ರ ತೊಳದು ಬಿಡಬಹುದಿತ್ತು, ಹಾಳಾದದ್ದು ಮ್ಯಾಲಿನ ಹೊಳಪು ಅಷ್ಟ. ನಿಮ್ಮ ವೀಲಿನ್ಯಾಗ ಆಸಿಡ್ ಬೋಲ್ಟಿನ ತಲಿ ಕೆಳಗ ಇಳೀತೈತಿ, ಲಿಪ್ಪು ಮುಖ ಕೂಡೋ ಸಂದಿಗೆ ಇಳೀತೈತಿ, ಅಲ್ಲಿಂದ ಎಷ್ಟ ನೀರು ಹೊಡದ್ರೂ ಪೂರ್ತಿ ಹೊರಗ ಬರಂಗಿಲ್ಲ. ಒಳಗ ಉಳದ ಕ್ಲೋರೈಡ್ ವಾರಗಟ್ಟಲೆ ಕೆಲಸ ಮಾಡಕೋತ ಕುಂದರತೈತಿ. ಅದರ ಮ್ಯಾಲ ಸ್ಟೀಲ್ ಬೋಲ್ಟು, ಅಲ್ಯುಮಿನಿಯಂ, ನಡುವ ಉಪ್ಪಿನ ನೀರು, ಅಲ್ಲಿಗೆ ಒಂದು ಸಣ್ಣ ಬ್ಯಾಟರಿ ತಯಾರಾದಂಗ, ಅದರಾಗ ತಿನಿಸಿಕೊಳ್ಳೋದು ಯಾವಾಗಲೂ ಅಲ್ಯುಮಿನಿಯಂನ. ಕ್ರೋಮ್ ಬೋಲ್ಟ್ ಸಿಪ್ಪಿ ಏಳತಾವ, ಸ್ಟೇನ್‌ಲೆಸ್ ಅಂದ್ರೂ ಕ್ಲೋರೈಡ್‌ಗೆ ಸಣ್ಣ ಸಣ್ಣ ತೂತು ಬೀಳತಾವ. ಬೋಲ್ಟಿನ ಬುಡಕ್ಕ ಬಿಳೀ ಪುಡಿ ಉದರಾಕತ್ತೈತಿ ಅಂತ ನನಗ ಫೋಟೋ ಕಳಸವ್ರನ್ನ "ಆಸಿಡ್ ಹಾಕಿದ್ರೇನು?" ಅಂತ ಕೇಳಿದ್ರ ಮದಲ "ಇಲ್ರಿ" ಅಂತಾರ, ಆಮ್ಯಾಲ "ಸ್ವಲ್ಪ" ಅಂತಾರ.

ಇನ್ನೊಂದು ಮಾತು, ಇದು ವೀಲಿಂದಲ್ಲ, ನಿಮ್ಮ ಕೈದು. ಲಾರಿ ಟ್ಯಾಂಕರ್ ತೊಳಿಯವ್ರು ಬಳಸೋ ಕೆಲವು ಅಲ್ಯುಮಿನಿಯಂ ಬ್ರೈಟ್ನರ್‌ಗಳೊಳಗ ಹೈಡ್ರೋಫ್ಲೋರಿಕ್ ಆಸಿಡ್ ಇರತೈತಿ. ಅದು ಚರ್ಮಕ್ಕ ಬಿದ್ರ ಕೆಲವೊಮ್ಮೆ ತಾಸುಗಟ್ಟಲೆ ಉರೀನ ಗೊತ್ತಾಗಂಗಿಲ್ಲ, ಒಳಗ ಇಳದು ಮೈಯಾಗಿನ ಕ್ಯಾಲ್ಸಿಯಂ ಹಿಡೀತೈತಿ. ಬರಿಗೈಲೆ ಅದನ್ನ ಹಚ್ಚೋ ಹುಡುಗ್ರನ್ನ ನೋಡಿದ್ರ ನನಗ ಸಿಟ್ಟು ಬರತೈತಿ, ಹುಡುಗ್ರ ಮ್ಯಾಲಲ್ಲ, ಹಚ್ಚಸವ್ರ ಮ್ಯಾಲ. ಲೇಬಲ್ ಇಲ್ಲದ ಕ್ಯಾನ್‌ನ್ಯಾಗಿನ "ಅಲಾಯ್ ಕೆಮಿಕಲ್" ನಿಮ್ಮ ಗಾಡಿ ಹತ್ರ ಬರಗೊಡಬ್ಯಾಡ್ರಿ.

ಸರಿ, ಹಂಗಾದ್ರ ಏನ್ ಮಾಡಬೇಕು. ಬೋಲ್ಟ್ ಸುತ್ತ ಕುಂತ ಕರೀ ಏನಂದ್ರ ಬ್ರೇಕ್ ಡಸ್ಟ್, ಡಿಸ್ಕಿಂದ ಪ್ಯಾಡಿಂದ ಉದರಿದ ಕಬ್ಬಿಣದ ಪುಡಿ, ಬಿಸಿ ಇದ್ದಾಗ ಬಂದು ಅಂಟಿಕೊಂಡು ಅಲ್ಲೇ ತುಕ್ಕ ಹಿಡೀತೈತಿ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋದ ಗಾಡಿದು ಮುಂದಿನ ಎರಡು ವೀಲ್ ನೋಡ್ರಿ, ಹಿಂದಿನಕಿಂತ ಕರ್ರಗ ಇರತಾವ, ಬ್ರೇಕಿನ ಹೆಚ್ಚಿನ ಭಾರ ಮುಂದಿನವ ಹೊರತಾವಲ್ಲ. ಇದಕ್ಕ ಐರನ್ ರಿಮೂವರ್ ಅಂತ ಸ್ಪ್ರೇ ಸಿಗತೈತಿ, ಪಿಎಚ್ ನ್ಯೂಟ್ರಲ್, ಅಂದ್ರ ಆಸಿಡ್ಡೂ ಅಲ್ಲ ಕ್ಷಾರೂ ಅಲ್ಲ ಅನ್ನೋದು ತಗೋರಿ. ಹೊಡದ್ರ ಕಬ್ಬಿಣ ಇದ್ದಲ್ಲಿ ನೇರಳೆ ಬಣ್ಣ ಆಗಿ ಸೋರತೈತಿ, ಕೊಳತ ತತ್ತಿ ವಾಸನಿ ಬರತೈತಿ, ಹೆದರಬ್ಯಾಡ್ರಿ. ಬರೇ ಅಲ್ಯುಮಿನಿಯಂ ಲಿಪ್ ಇದ್ರ ಮದಲ ಒಂದು ಮೂಲ್ಯಾಗ ಹೊಡದು ನೋಡ್ರಿ. ವೀಲ್ ತಣ್ಣಗಿರಬೇಕು, ನೆರಳಿರಬೇಕು. ಬ್ಯಾಸಗಿ ಮಧ್ಯಾಹ್ನ ವಿಜಯಪುರದಾಗ, ಬಾಗಲಕೋಟಿಯಾಗ ಇದನ್ನ ಮಾಡಾಕ ಹೋದ್ರ ಸ್ಪ್ರೇ ಅಲ್ಲೇ ಒಣಗಿ ಕಲಿ ಬೀಳತೈತಿ, ಬೆಳಿಗ್ಗಿ ಆರಕ್ಕ ಎದ್ದು ಮಾಡ್ರಿ. ಮೂರ್ನಾಕು ನಿಮಿಷ ಬಿಟ್ಟು, ಮೆತ್ತನ ಬ್ರಷ್‌ಲೆ ಬೋಲ್ಟ್ ಸುತ್ತ ಆಡಿಸಿ, ನೀರು ಹೊಡೀರಿ, ಆಮ್ಯಾಲ ಕಾರ್ ಶಾಂಪೂ. ಸಂದಿಗೆ ಹಳೇ ಹಲ್ಲುಜ್ಜೋ ಬ್ರಷ್ ಸಾಕು. ಎರಿ ಭೂಮಿ ಕಡೆಯವ್ರು ಮಣ್ಣು ಒಣಗಿದ್ರ ಮದಲ ನೀರಿನ್ಯಾಗ ನೆನಸ್ರಿ, ಒಣಾ ಮಣ್ಣ ತಿಕ್ಕಿದ್ರ ಅದ ಪಾಲಿಶ್ ಪೇಪರ್ ಕೆಲಸ ಮಾಡತೈತಿ. ಕಡೀಕ ಒರಸೋದು ಮರೀಬ್ಯಾಡ್ರಿ, ಬೋರಿನ ಗಡಸು ನೀರು ಹಂಗ ಒಣಗಿದ್ರ ಬಿಳೀ ಚುಕ್ಕಿ ಬೀಳತಾವ, ಹೊಳ್ಳಿ ನನಗ ಕೇಳತೀರಿ.

ಈಗ ಮಂಕಾದ ಲಿಪ್. ಇದಕ್ಕೊಂದು ಸಣ್ಣ ಪರೀಕ್ಷಾ ಐತಿ, ಎಲ್ಲಾರೂ ಬಿಡತಾರ. ಬಿಳೀ ಅರಬಿ ತುದಿಗೆ ಕಡಲಿಕಾಳಿನಷ್ಟು ಮೆಟಲ್ ಪಾಲಿಶ್ ತಗೊಂಡು ಲಿಪ್ಪಿನ ಕಾಣದ ಜಾಗಾದಾಗ ತಿಕ್ಕರಿ. ಅರಬಿ ಕರ್ರಗ ಆದ್ರ ಅದು ಬರೇ ಅಲ್ಯುಮಿನಿಯಂ, ಕೈಲೆ ಪಾಲಿಶ್ ಮಾಡಿದ್ರ ಹೊಳಪು ಬರತೈತಿ. (ಆ ಕರೀ ಹೊಲಸಲ್ಲ, ಸವದ ಲೋಹದ ಸಣ್ಣ ಪುಡಿ. "ಇನ್ನೂ ಹೊಲಸು ಬರಾಕತ್ತೈತಿ" ಅಂತ ಸಂಜೀತನಕ ತಿಕ್ಕೋ ಮಂದಿ ಅದಾರ, ಅದು ಯಾವತ್ತೂ ನಿಂದರಂಗಿಲ್ಲ.) ಅರಬಿ ಬೆಳ್ಳಗ ಉಳದ್ರ ಮ್ಯಾಲ ಕ್ಲಿಯರ್ ಕೋಟ್ ಇಲ್ಲಾ ಅನೋಡೈಸ್ ಐತಿ, ಮೆಟಲ್ ಪಾಲಿಶ್ ದಂಡ. ಕ್ಲಿಯರ್ ಕೋಟಿನ ಒಳಗ ಹುಳ ಹರದಂಥ ಬಿಳೀ ಗೆರಿ ಕಂಡ್ರ ನೀರು ಒಳಗ ಹೊಕ್ಕು ಲೋಹ ತಿಂದೈತಿ ಅಂತ ಅರ್ಥ, ಖಾನಾಪುರ ಕಡೆ ಮಳಿಗೆ ಇದು ಹೊಸದಲ್ಲ. ಅದು ಮ್ಯಾಲಿಂದ ತಿಕ್ಕಿದ್ರ ಹೋಗಂಗಿಲ್ಲ, ಕೋಟ್ ತಗದ ಸರಿ ಮಾಡಬೇಕು.

ಬರೇ ಅಲ್ಯುಮಿನಿಯಂ ಮ್ಯಾಲ ಗೀರು ಆಳ ಇದ್ರ ವಾಟರ್ ಪೇಪರ್ (ನೀರು ಹಚ್ಚಿ ತಿಕ್ಕೋ ಪಾಲಿಶ್ ಪೇಪರ್), 600 ನಂಬರಿನಿಂದ ಶುರು ಮಾಡಿ 800, 1000, 1500, 2000, ನಡುವ ಒಂದೂ ಜಿಗೀಬ್ಯಾಡ್ರಿ, ಹಿಂದಿನ ಪೇಪರ್‌ದು ಗೀರು ಪೂರ್ತಿ ಹೋದ ಮ್ಯಾಲ ಮುಂದಿಂದು. ಬೋಲ್ಟ್ ತಲಿಗೆ ಟೇಪ್ ಹಚ್ಚರಿ, ಕ್ರೋಮ್‌ಗೆ ಪೇಪರ್ ತಾಗಿದ್ರ ಮುಗೀತು. ಆಮ್ಯಾಲ ಪಾಲಿಶ್, ಆಮ್ಯಾಲ ವ್ಯಾಕ್ಸ್ ಇಲ್ಲಾ ಸೀಲೆಂಟ್. ಬರೇ ಲೋಹ ಅಂದ್ಮ್ಯಾಲ ಮತ್ತ ಮಂಕಾಗೋದ, ಮಳಿಗಾಲದಾಗ ಬೇಗ. ಬೆಳಗಾವಿಯ ಕಾರ್ಖಾನಿ ಏರಿಯಾ ಉದ್ಯಮಬಾಗ ಕಡೆ ಯಾರಾದ್ರೂ ಬಫಿಂಗ್ ಮಾಡವ್ರ ಹತ್ರ ಕೊಡೋದಿದ್ರ "ಅಂಚು ಸುಡಬ್ಯಾಡ, ಬೋಲ್ಟ್ ಮುಟ್ಟಬ್ಯಾಡ" ಅಂತ ಮದಲ ಹೇಳ್ರಿ, ಪಂಪಿನ ಪಾರ್ಟಿಗೆ ಒತ್ತಿದಂಗ ಲಿಪ್ಪಿಗೆ ಒತ್ತಿದ್ರ ಅಲೆ ಅಲೆ ಆಗತೈತಿ.

ನೀವು ಕೇಳಿಲ್ಲ, ಆದ್ರ ಮುಂದಿನ ವಾರ ಕೇಳೇ ಕೇಳತೀರಿ: "ಬೋಲ್ಟ್ ಬಿಚ್ಚಿ ಮೂರೂ ಬ್ಯಾರೆ ಮಾಡಿ ತೊಳದ್ರ ಹೆಂಗ?" ಮದಲ ಅವು ಖರೇ ಬೋಲ್ಟ್ ಹೌದೋ ಅಲ್ಲೋ ನೋಡ್ರಿ. ಮಾರ್ಕೆಟ್‌ನ್ಯಾಗ ಸಿಗೋ ಬೋಲ್ಟ್ ಕಾಣೋ ಅಲಾಯ್‌ನ್ಯಾಗ ಭಾಳಷ್ಟು ಸಿಂಗಲ್ ಪೀಸ್ ಎರಕದವು, ಬೋಲ್ಟ್ ಬರೇ ಶೋಕಿಗೆ ಅಂಟಿಸಿರತಾರ. ಟಾಯರ್ ತಗಸಿದಾಗ ಬ್ಯಾರಲ್ಲಿನ ಒಳಗ ನೋಡ್ರಿ, ಸುತ್ತಲೂ ಜೋಡಣಿ ಗೆರಿ, ಸೀಲೆಂಟ್ ಕಂಡ್ರ ಖರೇ ಮಲ್ಟಿ ಪೀಸ್. ಕಾಣದಿದ್ರ ನಿಮ್ಮ ದುಡ್ಡಿಗೆ ನಕಲಿ ಬಂದೈತಿ, ಆದ್ರ ತೊಳಿಯೋದು ಸುಲಭ ಆತು.

ಖರೇದ ಇದ್ರ ಟಾಯರ್‌ನ್ಯಾಗ ಗಾಳಿ ಇರೋತನಕ ಆ ಸಣ್ಣ ಬೋಲ್ಟ್ ಒಂದನ್ನೂ ಸಡಿಲ ಮಾಡಬ್ಯಾಡ್ರಿ. ಒಳಗಿನ ಗಾಳಿ ಲಿಪ್ಪು ಬ್ಯಾರಲ್ಲು ಎರಡನ್ನೂ ಹೊರಗ ದಬ್ಬತಿರತೈತಿ, ಹಿಡಕೊಂಡಿರೋದು ಆ ಬೋಲ್ಟ್‌ಗಳ. ಲಾರಿ ರಿಂಗ್ ರಿಮ್ ಮ್ಯಾಲ ಕೆಲಸ ಮಾಡಿದ ಪಂಕ್ಚರ್ ಅಂಗಡಿ ಕಾಕಾಗೋಳಿಗೆ ಈ ಅಪಾಯ ಚೊಲೊ ಗೊತ್ತಿರತೈತಿ, ಕಾರಿನ ಅಂಗಡಿ ಹೊಸ ಹುಡುಗ್ರಿಗೆ ಗೊತ್ತಿರಂಗಿಲ್ಲ. ಬಿಚ್ಚಿದ್ರ ಹಳೇ ಸೀಲೆಂಟ್ ಪೂರ್ತಿ ಕೆರದು ಹೊಸಾದು ಹಾಕಬೇಕು, ಒಣಗಾಕ ಬಿಡಬೇಕು, ಬೋಲ್ಟ್‌ಗಳನ್ನ ಕಂಪನಿ ಹೇಳಿದ ಟಾರ್ಕ್‌ಗೆ (ಬಿಗಿಯೋ ಬಲಕ್ಕ) ಅಡ್ಡಡ್ಡ, ಅಂದ್ರ ಎದುರುಬದುರಿನವನ್ನ ಒಂದಾದ ಮ್ಯಾಲೊಂದು, ಬಿಗೀಬೇಕು. ಬರೇ ತೊಳಿಯಾಕ ಇಷ್ಟೆಲ್ಲಾ ಯಾರ್ ಮಾಡತಾರ್ರಿ. ಸಂದಿಯಿಂದ ಗಾಳಿ ಸೋರಾಕತ್ತೈತಿ ಅಂದ್ರ, ಸಾಬೂನ ನೀರು ಹಾಕಿದಾಗ ಜೋಡಣಿ ಗೆರಿಗುಂಟ ಗುಳ್ಳಿ ಎದ್ರ, ಅವಾಗ ಬಿಚ್ಚಸ್ರಿ, ಅದ ಸಮಯದಾಗ ಮೂರೂ ಚಂದಂಗ ತೊಳದು ಪಾಲಿಶ್ ಮಾಡಸ್ರಿ. ಹೊಳ್ಳಿ ಬ್ಯಾಲೆನ್ಸಿಂಗ್ ಮಾಡಸುವಾಗ ಅಂಚಿಗೆ ಹೊಡಿಯೋ ಕ್ಲಿಪ್ ವೇಟ್ ಬ್ಯಾಡ, ಒಳಗ ಅಂಟಿಸೋದ ಹಾಕ್ರಿ ಅಂತ ಹೇಳ್ರಿ. ಹೇಳಿ ಅಲ್ಲೇ ನಿಂದರ್ರಿ, ಚಾ ಕುಡಿಯಾಕ ಹೋಗಬ್ಯಾಡ್ರಿ, ಯಾಕಂದ್ರ ಪಾಲಿಶ್ ಮಾಡಿಸಿದ ಲಿಪ್ಪಿನ ಅಂಚಿಗೆ ಸುತ್ತಿಗಿ ಬೀಳೋದು ಅವಾಗ.