ಕಟ್ಟೆ ಮೇಲೆ ಕೂತವರೆಲ್ಲ ನಿರುದ್ಯೋಗಿಗಳಲ್ಲ

ಮೊನ್ನೆ ಒಂದು ಕಾಲೇಜಿನಲ್ಲಿ ಮಾತಾಡಲು ಕರೆದಿದ್ದರು. ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸಾರ್, 2023-24ರಲ್ಲಿ ನಿರುದ್ಯೋಗ ಶೇ 3.2 ಅಂತೀರಿ. ನಮ್ಮ ಬೀದಿಯಲ್ಲೇ ಅರ್ಧ ಜನ ಸುಮ್ನೆ ಕೂತಿದ್ದಾರೆ. ಇದು ಸುಳ್ಳು ಲೆಕ್ಕ ಅಲ್ವಾ?" ಸಭೆಯಲ್ಲಿ ಚಪ್ಪಾಳೆ ಬಿತ್ತು.

ಈ ಪ್ರಶ್ನೆ ನನಗೆ ಹೊಸದಲ್ಲ. ಯಾರಿಗೆ ಕೆಲಸ ಇದೆ, ಯಾರಿಗಿಲ್ಲ ಎಂದು ಲೆಕ್ಕ ತೆಗೆಯುವ ಸರ್ಕಾರದ ಮನೆಮನೆ ಸಮೀಕ್ಷೆಯ ಕೆಲಸದಲ್ಲಿ ಇಪ್ಪತ್ತಾರು ವರ್ಷ ಇದ್ದೆ. ನಿವೃತ್ತಿಯಾದ ಮೇಲೂ ಹೊಸಬರ ತರಬೇತಿಗೆ ಆಗಾಗ ಹೋಗುತ್ತೇನೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಟೀವಿ ಚರ್ಚೆಯಲ್ಲಿ, ಎಲ್ಲ ಕಡೆ ಇದೇ ಮಾತು. ಕೇಳುವುದು ತಪ್ಪಲ್ಲ. ಆದರೆ ಉತ್ತರ ಶುರು ಮಾಡುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಾರೆ. ಅದಕ್ಕೇ ಇವತ್ತು ಬರೆದೇಬಿಡೋಣ ಎಂದು ಕೂತಿದ್ದೇನೆ.

ತೊಡಕು ಇರುವುದು ನಮ್ಮ ಮಾತಿನಲ್ಲೇ. 'ಕೆಲಸ ಇಲ್ಲ' ಎಂದು ನಾವು ಯಾವ್ಯಾವಾಗ ಹೇಳುತ್ತೇವೆ ನೋಡಿ. ಬಿ.ಎ. ಮುಗಿಸಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಕೂರುವ ಹುಡುಗನಿಗೆ 'ಇನ್ನೂ ಕೆಲಸ ಆಗಿಲ್ಲ' ಎನ್ನುತ್ತೇವೆ. ಅಲ್ಲಿ ಕೆಲಸ ಅಂದರೆ ಸರ್ಕಾರಿ ನೌಕರಿ, ಹೆಚ್ಚೆಂದರೆ ತಿಂಗಳ ಸಂಬಳ. ಸುಗ್ಗಿ ಮುಗಿಸಿದ ರೈತ 'ಈಗೇನೂ ಕೆಲಸ ಇಲ್ಲ' ಎಂದರೆ ಬಿಡುವಾಗಿದ್ದೇನೆ ಎಂದರ್ಥ. ಸೊಸೆಯ ಬಗ್ಗೆ ಕೇಳಿದರೆ 'ಅವಳಿಗೇನ್ ಕೆಲ್ಸ, ಮನೇಲೇ ಇರ್ತಾಳೆ' ಎಂಬ ಉತ್ತರ. ಬಾಗಿಲಲ್ಲಿ ನಿಂತವನು ಇದನ್ನೆಲ್ಲ ಕೇಳಿದ ಹಾಗೇ ಬರೆದುಕೊಂಡರೆ ದೇಶದ ಲೆಕ್ಕ ಕೆಟ್ಟುಹೋಗುತ್ತದೆ.

ಸಮೀಕ್ಷೆಯಲ್ಲಿ ನಿರುದ್ಯೋಗಿ ಅನ್ನಿಸಿಕೊಳ್ಳಬೇಕಾದರೆ ಎರಡು ಸಂಗತಿ ಒಟ್ಟಿಗೆ ಇರಬೇಕು. ಕೆಲಸ ಇರಬಾರದು. ಜೊತೆಗೆ ಕೆಲಸ ಹುಡುಕುತ್ತಿರಬೇಕು, ಇಲ್ಲವೇ ಯಾರಾದರೂ ಕರೆದರೆ ಹೋಗಲು ತಯಾರಿರಬೇಕು. ಈ 'ತಯಾರಿರಬೇಕು' ಎಂಬುದು ಮುಖ್ಯ. ಹಳ್ಳಿಯ ಕೂಲಿಯಾಳು ಯಾರಿಗೂ ಅರ್ಜಿ ಹಾಕುವುದಿಲ್ಲ. ಕರೆ ಬಂದರೆ ಹೋಗೋಣ ಎಂದು ಮನೆಯಲ್ಲೇ ಕಾಯುತ್ತಾನೆ. ಅರ್ಜಿ ಹಾಕಿದವರನ್ನು ಮಾತ್ರ ಎಣಿಸಿದರೆ ಅವನು ಬಿಟ್ಟುಹೋಗುತ್ತಾನೆ.

ಕೆಲಸ ಮಾಡುವವರು ಮತ್ತು ಈ ಅರ್ಥದ ನಿರುದ್ಯೋಗಿಗಳು, ಇಬ್ಬರನ್ನೂ ಕೂಡಿಸಿದರೆ ಕಾರ್ಮಿಕ ಬಲ. ನಿರುದ್ಯೋಗದ ಪ್ರಮಾಣ ಅಂದರೆ ಈ ಕಾರ್ಮಿಕ ಬಲದಲ್ಲಿ ನೂರಕ್ಕೆ ಎಷ್ಟು ನಿರುದ್ಯೋಗಿಗಳು ಎಂಬುದು. ಇಡೀ ಊರಿನ ಜನರಲ್ಲಿ ನೂರಕ್ಕೆ ಎಷ್ಟು ಎಂದಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. 2023-24ರ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ನೂರು ಜನರಲ್ಲಿ ಸುಮಾರು 60 ಮಂದಿ ಕಾರ್ಮಿಕ ಬಲದಲ್ಲಿದ್ದರು. ಆ 60ರಲ್ಲಿ ಸುಮಾರು 58 ಮಂದಿಗೆ ಏನೋ ಒಂದು ಕೆಲಸವಿತ್ತು. ಉಳಿದ ಇಬ್ಬರು ನಿರುದ್ಯೋಗಿಗಳು. 60ಕ್ಕೆ ಇಬ್ಬರು ಅಂದರೆ ಶೇ 3ರ ಆಸುಪಾಸು. ಇನ್ನುಳಿದ 40 ಮಂದಿ ಓದುವವರು, ಮನೆ ನೋಡಿಕೊಳ್ಳುವವರು, ವಯಸ್ಸಾದವರು, ಕೈಲಾಗದವರು. ಅವರು ಕೆಲಸದಲ್ಲಿಲ್ಲ, ನಿಜ. ಆದರೆ ಅವರು ಈ ಲೆಕ್ಕದ ನಿರುದ್ಯೋಗಿಗಳಲ್ಲ.

ಹೀಗೆ ಹೇಳಿದರೆ ತಲೆಗೆ ಹತ್ತುವುದಿಲ್ಲ ಎಂದು ಗೊತ್ತು. ಅದಕ್ಕೆ ತರಬೇತಿಯಲ್ಲಿ ನಾನು ಯಾವಾಗಲೂ ಕಟ್ಟೆಯ ಕಥೆ ಹೇಳುತ್ತೇನೆ.

ದಾವಣಗೆರೆ ಜಿಲ್ಲೆಯ ಒಂದು ಹಳ್ಳಿ. ಅಡಿಕೆ ತೋಟಗಳ ಊರು. ಫೆಬ್ರವರಿ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಅರಳಿಕಟ್ಟೆ ಮೇಲೆ ಏಳು ಜನ ಕೂತಿದ್ದರು. ಪಂಚಾಯಿತಿ ಸದಸ್ಯರೊಬ್ಬರು ನನ್ನ ಬ್ಯಾಗು ನೋಡಿ ಕೂಗಿದರು. "ಮನೆಮನೆ ಯಾಕ್ರೀ ಸುತ್ತುತೀರಿ? ಇಲ್ಲಿ ಕೂತೋರೆಲ್ಲ ನಿರುದ್ಯೋಗಿಗಳೇ. ಏಳು ಅಂತ ಬರ್ಕೊಳ್ರಿ." ನನಗೂ ಕುತೂಹಲ. ಅವರು ಸಮೀಕ್ಷೆಗೆ ಆಯ್ಕೆಯಾದ ಮನೆಯವರಲ್ಲ, ಆದರೂ ಚಹಾ ಕುಡಿಯುತ್ತ ಒಬ್ಬೊಬ್ಬರನ್ನೇ ಮಾತಾಡಿಸಿದೆ.

ಮೂವರು ಬೆಳಗಿನ ಜಾವ ತೋಟಕ್ಕೆ ನೀರು ಹಾಯಿಸಿ, ಊಟ ಮಾಡಿ ಬಂದವರು. ಕರೆಂಟು ಕೊಟ್ಟಾಗ ಅವರ ಕೆಲಸ, ಉಳಿದ ಹೊತ್ತು ಕಟ್ಟೆ. ಅವರು ಸ್ವಂತ ದುಡಿಮೆಯವರು. ಒಬ್ಬ ಡಿಗ್ರಿ ಎರಡನೇ ವರ್ಷದ ಹುಡುಗ, ಆ ದಿನ ಕಾಲೇಜಿಗೆ ರಜೆ. ಒಬ್ಬರು ಪಿಂಚಣಿ ಬರುವ ಮೇಷ್ಟ್ರು. ಇವರಿಬ್ಬರೂ ಕಾರ್ಮಿಕ ಬಲದ ಹೊರಗೆ. ಆರನೆಯವನು ಬಿ.ಕಾಂ. ಮುಗಿಸಿ ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದ. ಅವನು ನಿರುದ್ಯೋಗಿ, ಯಾವ ಅನುಮಾನವೂ ಇಲ್ಲ.

ಏಳನೆಯವನ ಹತ್ತಿರ ನಾನು ಜಾಸ್ತಿ ಹೊತ್ತು ಕೂತೆ. ಐಟಿಐ ಮಾಡಿದವನು. ಎಂಟು ತಿಂಗಳಿಂದ ಕೆಲಸ ಹುಡುಕುತ್ತಿದ್ದ. ಹಿಂದಿನ ವಾರವೂ ಹರಿಹರಕ್ಕೆ ಹೋಗಿ ಎರಡು ಕಡೆ ವಿಚಾರಿಸಿ ಬಂದಿದ್ದ. ಆದರೆ ಅಡಿಕೆ ಸೀಸನ್ನಿನಲ್ಲಿ ನಲವತ್ತು ದಿನ ಅಡಿಕೆ ಸುಲಿಯಲು ಹೋಗಿದ್ದ. ಇವನನ್ನು ಎಲ್ಲಿ ಹಾಕುತ್ತೀರಿ?

ಇಲ್ಲಿ ಎರಡು ಅಳತೆಗೋಲುಗಳಿವೆ. ಒಂದು, ಹಿಂದಿನ 365 ದಿನ ಹೇಗೆ ಕಳೆಯಿತು ಎಂದು ನೋಡುವುದು. ಹೆಚ್ಚು ಕಾಲ ಏನು ಮಾಡಿದ ಎಂಬುದು ಮುಖ್ಯ ಸ್ಥಿತಿ. ಹಾಗೆ ನೋಡಿದರೆ ಇವನು ನಿರುದ್ಯೋಗಿ. ಆದರೆ ವರ್ಷದಲ್ಲಿ 30 ದಿನಕ್ಕೆ ಕಡಿಮೆಯಿಲ್ಲದಂತೆ ಏನಾದರೂ ಉಪ ಕೆಲಸ ಮಾಡಿದ್ದರೆ ಅದನ್ನೂ ಹಿಡಿಯಬೇಕು. ಇವನು ನಲವತ್ತು ದಿನ ಮಾಡಿದ್ದಾನೆ. ಎರಡನ್ನೂ ಸೇರಿಸಿ ಕೊಡುವ ಅಂಕಿಯಲ್ಲಿ ಇವನು ಕೆಲಸ ಉಳ್ಳವನು. ಪತ್ರಿಕೆಯಲ್ಲಿ ನೀವು ಓದಿದ ಶೇ 3.2 ಈ ಅಳತೆಯದು.

ಇನ್ನೊಂದು ಅಳತೆ ವಾರದ್ದು. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಕನಿಷ್ಠ ಒಂದು ಗಂಟೆ ಕೆಲಸ ಮಾಡಿದ್ದರೆ ಕೆಲಸ ಉಳ್ಳವನು. ಒಂದು ಗಂಟೆಯೂ ಇಲ್ಲ, ಆದರೆ ಹುಡುಕಿದ್ದಾನೆ ಅಥವಾ ತಯಾರಿದ್ದ ಅಂದರೆ ನಿರುದ್ಯೋಗಿ. ನಮ್ಮ ಐಟಿಐ ಹುಡುಗ ಈ ಅಳತೆಯಲ್ಲಿ ನಿರುದ್ಯೋಗಿ. ಒಬ್ಬನೇ ಹುಡುಗ, ಒಂದೇ ದಿನ, ಎರಡು ಉತ್ತರ. ಎರಡೂ ಸರಿ.

ಕಟ್ಟೆಯ ಲೆಕ್ಕ ಹೀಗಾಯಿತು. ಏಳರಲ್ಲಿ ಐವರು ಕಾರ್ಮಿಕ ಬಲದವರು. ವರ್ಷದ ಅಳತೆಯಲ್ಲಿ ಐವರಲ್ಲಿ ಒಬ್ಬ ನಿರುದ್ಯೋಗಿ, ವಾರದ ಅಳತೆಯಲ್ಲಿ ಇಬ್ಬರು. ಸದಸ್ಯರ ಲೆಕ್ಕದಲ್ಲಿ ಏಳಕ್ಕೆ ಏಳು. ದಯವಿಟ್ಟು ಈ ಏಳು ಜನರಿಂದ ಯಾವ ಊರಿನ ಪ್ರಮಾಣವನ್ನೂ ತೆಗೆಯಬೇಡಿ. ಇದು ಅರ್ಥವಾಗಲಿ ಎಂದು ಹೇಳಿದ್ದು ಅಷ್ಟೇ.

2025ರ ಮೇ ತಿಂಗಳಲ್ಲಿ ಮೊದಲ ಮಾಸಿಕ ಅಂಕಿ ಹೊರಬಂದಾಗ ಆದ ಗೊಂದಲಕ್ಕೂ ಇದೇ ಕಾರಣ. ಏಪ್ರಿಲ್ ತಿಂಗಳ ನಿರುದ್ಯೋಗ ಶೇ 5.1 ಎಂದಿತು ಆ ವರದಿ. '3.2 ಇದ್ದದ್ದು 5.1ಕ್ಕೆ ಹಾರಿತು' ಎಂದು ಗೆಳೆಯರೊಬ್ಬರು ಫೋನ್ ಮಾಡಿದರು. ಹಾರಿಲ್ಲ. 3.2 ವರ್ಷದ ಅಳತೆ, 5.1 ವಾರದ ಅಳತೆ. 2023-24ರಲ್ಲೂ ವಾರದ ಅಳತೆಯಲ್ಲಿ ಶೇ 4.9 ಇತ್ತು. ಸೇರಿನಲ್ಲಿ ಅಳೆದದ್ದನ್ನು ಪಾವಿನಲ್ಲಿ ಅಳೆದದ್ದರ ಪಕ್ಕ ಇಟ್ಟು ಹೋಲಿಸಬಾರದು. ತಿಂಗಳಿಂದ ತಿಂಗಳಿಗೆ ಹೋಲಿಸುವಾಗಲೂ ಹುಷಾರಾಗಿರಬೇಕು. ಸುಗ್ಗಿ, ಮಳೆ, ಹಬ್ಬ ಎಲ್ಲವೂ ಅದರೊಳಗೆ ಸೇರಿರುತ್ತವೆ.

ಒಂದೇ ಅಂಕಿ ಯಾಕೆ ಸಾಲದು ಎಂಬುದು ಇವತ್ತಿನ ಚರ್ಚೆಯೂ ಅಲ್ಲ. ಅರ್ಥಶಾಸ್ತ್ರಜ್ಞ ಎಂ.ಎಲ್. ದಾಂತ್ವಾಲಾ ಅವರ ಸಮಿತಿ 1970ರಲ್ಲೇ ಈ ಮಾತು ಹೇಳಿತ್ತು. ಸ್ವಂತ ಹೊಲ, ಸ್ವಂತ ಮಗ್ಗ, ಮನೆಮಂದಿಯೆಲ್ಲ ಸೇರಿ ಮಾಡುವ ದುಡಿಮೆಯೇ ಜಾಸ್ತಿ ಇರುವ ದೇಶದಲ್ಲಿ ಒಂದು ಅಂಕಿಯಲ್ಲಿ ನಿರುದ್ಯೋಗ ಹಿಡಿಯಲಾಗದು ಎಂದು. 1972-73ರ ಸಮೀಕ್ಷೆಯಿಂದ ಈ ಹಲವು ಅಳತೆಗಳು ಬಂದವು. ಹೆಚ್ಚುಕಡಿಮೆ ಐದು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಕೆಲಸ 2017ರ ಏಪ್ರಿಲ್‌ನಿಂದ ಪಿಎಲ್‌ಎಫ್‌ಎಸ್ (ಪೀರಿಯಾಡಿಕ್ ಲೇಬರ್ ಫೋರ್ಸ್ ಸರ್ವೆ, ಅಂದರೆ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ) ಎಂಬ ಹೆಸರಿನಲ್ಲಿ ನಿರಂತರವಾಗಿ ನಡೆಯುತ್ತಿದೆ.

ಇನ್ನು ಹೆಣ್ಣುಮಕ್ಕಳ ಮಾತು. ಇಲ್ಲಿ ನನಗೆ ಕೋಪವೂ ಬರುತ್ತದೆ, ಸಂಕಟವೂ ಆಗುತ್ತದೆ.

ಕೆಲಸಕ್ಕೆ ಸೇರಿದ ಹೊಸದು. ಹಾಸನದ ಕಡೆ ಒಂದು ಮನೆಯಲ್ಲಿ ಅತ್ತೆ ಜಗಲಿ ಮೇಲೆ ಕೂತು ಎಲ್ಲರ ವಿವರ ಹೇಳಿದರು. ಸೊಸೆ? "ಏನೂ ಮಾಡಲ್ಲಪ್ಪ, ಮನೇಲಿರ್ತಾಳೆ." ನಾನು 92 ಎಂದು ಬರೆದೆ. ಅದು ಮನೆಗೆಲಸ ಮಾತ್ರ ಮಾಡುವವರ ಸಂಖ್ಯೆ. ಹೊರಡಬೇಕು ಅನ್ನುವಾಗ ಕೊಟ್ಟಿಗೆಯಿಂದ ಸೊಸೆ ಬಂದಳು. ಕೈಯಲ್ಲಿ ಹಾಲಿನ ಕ್ಯಾನು, ಡೈರಿಗೆ ಹೊರಟಿದ್ದಳು.

"ಎಷ್ಟು ಹಸು ತಾಯಿ?"

"ಮೂರು ಸಾರ್."

"ಹಾಲು ಕರೆಯೋದು, ಮೇವು ಹಾಕೋದು ಯಾರು?"

"ಇನ್ಯಾರು ಸಾರ್, ನಾನೇ."

ಅತ್ತೆಯ ಕಡೆ ನೋಡಿದೆ. ಅವರು ಸುಳ್ಳು ಹೇಳಿರಲಿಲ್ಲ. ಅವರ ಮಟ್ಟಿಗೆ ಹಸು ನೋಡಿಕೊಳ್ಳುವುದು ಅನ್ನ ಮಾಡಿದ ಹಾಗೆ, ಅದೂ ಒಂದು ಕೆಲಸವೇ? 92 ಹೊಡೆದುಹಾಕಿ 21 ಬರೆದೆ. ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವವರ ಸಂಖ್ಯೆ ಅದು. ಅದಕ್ಕೂ ಮುಂಚೆ ಜಗಲಿಯ ಮಾತು ಕೇಳಿ ಬರೆದ ಎಷ್ಟು 92ಗಳು ತಪ್ಪಾಗಿದ್ದವೋ, ಈಗಲೂ ನೆನೆದರೆ ನಿದ್ದೆ ಬರುವುದಿಲ್ಲ.

ನಿಯಮ ಹೀಗಿದೆ. ಮಾರಾಟಕ್ಕೆ ಏನು ತಯಾರಿಸಿದರೂ ಅದು ಕೆಲಸ. ಮನೆ ಬಳಕೆಗೇ ಆದರೂ ಬೆಳೆ ಬೆಳೆದರೆ, ಹಸು ಸಾಕಿದರೆ ಅದೂ ಕೆಲಸ. ಆದರೆ ಅಡುಗೆ, ಮಕ್ಕಳ ಆರೈಕೆ, ಮನೆಗೆ ಸೌದೆ ತರುವುದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಸೌದೆ, ಸೊಪ್ಪು ತರುವವರಿಗೆ 93 ಎಂಬ ಬೇರೆ ಸಂಖ್ಯೆಯಿದೆ, ಆದರೆ ಅವರೂ ಕಾರ್ಮಿಕ ಬಲದ ಹೊರಗೇ. ಈ ಗೆರೆ ನ್ಯಾಯವೇ ಎಂದು ಕೇಳಿದರೆ, ನನಗೆ ಸಮಾಧಾನವಿಲ್ಲ. ಆದರೆ ಗೆರೆ ಎಲ್ಲಿದೆ ಎಂದು ತಿಳಿಯದೆ ಬೈಯುವುದೂ ಸರಿಯಲ್ಲ.

ಗೆರೆಯ ಒಳಗೇ ಇರುವ ದುಡಿಮೆಯೂ ಕಣ್ಣಿಗೆ ಬೀಳದೆ ಹೋಗುತ್ತದೆ ಎಂಬುದು ನನ್ನ ಚಿಂತೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರು, ಬೆಂಗಳೂರಿನ ಗಲ್ಲಿಗಳಲ್ಲಿ ಊದಿನಕಡ್ಡಿ ಹೊಸೆಯುವವರು 'ಮನೇಲೇ ಇದ್ದೀವಿ' ಎಂದೇ ಶುರು ಮಾಡುತ್ತಾರೆ. ಆ ಕಾಲೇಜಿನ ಹುಡುಗನನ್ನೂ ಕೇಳಿದೆ, ಅಮ್ಮ ಏನು ಮಾಡ್ತಾರಪ್ಪಾ ಎಂದು. "ಹೌಸ್‌ವೈಫ್ ಸಾರ್" ಎಂದ. ಸ್ವಲ್ಪ ತಡೆದು, "ಸೀರೆಗೆ ಕುಚ್ಚು ಕಟ್ತಾರೆ, ಅಂಗಡಿಯಿಂದ ಕೊಡ್ತಾರೆ" ಎಂದ. ಯಾವಾಗಿಂದ? "ನಾನು ಹೈಸ್ಕೂಲಲ್ಲಿದ್ದಾಗಿಂದ." ಅವನ ಫೀಸು ಅದರಿಂದಲೂ ಬಂದಿರಬಹುದು.

15 ದಾಟಿದ ಹೆಣ್ಣುಮಕ್ಕಳಲ್ಲಿ ಕಾರ್ಮಿಕ ಬಲದಲ್ಲಿದ್ದವರು 2017-18ರಲ್ಲಿ ಶೇ 23.3 ಇದ್ದರು, 2023-24ರಲ್ಲಿ ಶೇ 41.7 ಆದರು. ಇದರಲ್ಲಿ ಬಹುಪಾಲು ಹಳ್ಳಿಯ ಸ್ವಂತ ದುಡಿಮೆ ಮತ್ತು ಮನೆ ಉದ್ಯಮದ ಸಹಾಯ. ನಿಜವಾಗಿ ದುಡಿಮೆ ಹೆಚ್ಚಿತೋ, ಕಷ್ಟ ಹೆಚ್ಚಿ ಹೊಲಕ್ಕೆ ಇಳಿದರೋ, ಕೇಳುವವರು ಸರಿಯಾಗಿ ಕೇಳಲು ಕಲಿತರೋ ಎಂದು ಅರ್ಥಶಾಸ್ತ್ರಜ್ಞರು ವಾದ ಮಾಡುತ್ತಲೇ ಇದ್ದಾರೆ. ಬಾಗಿಲಲ್ಲಿ ನಿಂತು ಕೇಳಿದವನಾಗಿ ನನಗೆ ಮೂರೂ ಸೇರಿವೆ ಅನ್ನಿಸುತ್ತದೆ. ಯಾವುದು ಎಷ್ಟು ಎಂದು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ನಿರುದ್ಯೋಗ ಕಡಿಮೆ ಅಂದರೆ ಜನ ಸುಖವಾಗಿದ್ದಾರೆ ಎಂದು ನಾನು ಹೇಳುತ್ತಿಲ್ಲ. ತಿಂಗಳುಗಟ್ಟಲೆ ಕೆಲಸ ಹುಡುಕುತ್ತ ಕೂರಬೇಕಾದರೆ ಮನೆಯಲ್ಲಿ ಯಾರಾದರೂ ಅನ್ನ ಹಾಕುವವರಿರಬೇಕು. ಬಡವರಿಗೆ ಆ ಅನುಕೂಲ ಎಲ್ಲಿದೆ? ಸಿಕ್ಕಿದ್ದನ್ನು ಮಾಡುತ್ತಾರೆ, ಲೆಕ್ಕದಲ್ಲಿ ಕೆಲಸ ಉಳ್ಳವರಾಗುತ್ತಾರೆ. ಅದಕ್ಕೇ 15ರಿಂದ 29 ವಯಸ್ಸಿನವರ ನಿರುದ್ಯೋಗ ಬೇರೆಯಾಗಿ ನೋಡಬೇಕು. 2023-24ರಲ್ಲಿ ಅದು ಶೇ 10.2. ಕೆಲಸ ಉಳ್ಳವರು ಎಂಥ ಕೆಲಸ ಮಾಡುತ್ತಿದ್ದಾರೆ, ಸಂಬಳ ಬರುತ್ತದೋ ಇಲ್ಲವೋ, ವಾರಕ್ಕೆ ಎಷ್ಟು ಗಂಟೆ, ಇದೂ ಅದೇ ವರದಿಯಲ್ಲಿದೆ. ಆ ಪುಟಗಳನ್ನು ಯಾರೂ ತೆರೆಯುವುದಿಲ್ಲ. ಹುಡುಗನ ಸಿಟ್ಟಿಗೆ ಅರ್ಥವಿದೆ, ಆದರೆ ಅದಕ್ಕೆ ಉತ್ತರ ಇರುವುದು ಆ ಪುಟಗಳಲ್ಲಿ.

ಪಿಡಿಒ, ಕೆಎಎಸ್ ಎಂದು ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳು ಯಾವ ಗುಂಪಿಗೆ ಎಂದು ಎಲ್ಲರೂ ಕೇಳುತ್ತಾರೆ. ಒಂದೇ ಉತ್ತರವಿಲ್ಲ. ನಾಳೆ ಬೇರೆ ಕೆಲಸ ಸಿಕ್ಕರೆ ಹೋಗುತ್ತೀಯಾ ಎಂದು ಕೇಳಬೇಕು. ಹೋಗುತ್ತೇನೆ ಅಂದರೆ ನಿರುದ್ಯೋಗಿ. ಪರೀಕ್ಷೆ ಮುಗಿಯುವವರೆಗೆ ಯಾವುದಕ್ಕೂ ಹೋಗಲ್ಲ ಅಂದರೆ ಸಾಮಾನ್ಯವಾಗಿ ಕಾರ್ಮಿಕ ಬಲದ ಹೊರಗೆ. ಅಪ್ಪ ಊರಿನಿಂದ ಫೋನಿನಲ್ಲಿ ಕೊಟ್ಟ ಉತ್ತರ ಮತ್ತು ಮಗ ಕೊಟ್ಟ ಉತ್ತರ ಬೇರೆಬೇರೆಯಾದದ್ದನ್ನು ನಾನೇ ನೋಡಿದ್ದೇನೆ.

2025ರ ಜನವರಿಯಿಂದ ಸಮೀಕ್ಷೆ ದೊಡ್ಡದಾಗಿದೆ. ಆಯ್ಕೆಯಾದ ಪ್ರತಿ ಹಳ್ಳಿ ಅಥವಾ ನಗರದ ಬ್ಲಾಕಿನಲ್ಲಿ ಮೊದಲು ಎಂಟು ಮನೆ, ಈಗ ಹನ್ನೆರಡು. ಒಂದೇ ಮನೆಗೆ ಸತತ ನಾಲ್ಕು ತಿಂಗಳು ಬರುತ್ತಾರೆ. ಎರಡನೇ ಸಲ ಬಂದಾಗ 'ಮೊನ್ನೆ ತಾನೇ ಬರ್ಕೊಂಡು ಹೋದ್ರಲ್ಲ' ಎಂದು ಬಾಗಿಲು ಹಾಕಬೇಡಿ. ಹೋದ ತಿಂಗಳು ಕೆಲಸ ಇದ್ದವರಿಗೆ ಈ ತಿಂಗಳೂ ಇದೆಯೇ ಎಂದು ತಿಳಿಯುವುದು ಹಾಗೆಯೇ. ಹೊತ್ತಿಲ್ಲ ಅಂದರೆ ಸಂಜೆ ಬರಲು ಹೇಳಿ, ಬರುತ್ತಾರೆ. ಅಷ್ಟು ಹೊತ್ತಿಗೆ ಸೊಸೆಯೂ ಡೈರಿಗೆ ಹಾಲು ಹಾಕಿ ಬಂದಿರುತ್ತಾಳೆ. ಅವಳ ವಿಷಯ ಅವಳನ್ನೇ ಕೇಳಲಿ.