ಕೆರೆಯಂಗಳದಲ್ಲಿ ಬೆಳೆದ ರಾಜಧಾನಿ

1985ರ ಸೆಪ್ಟೆಂಬರ್ 19ರ ಬೆಳಗ್ಗೆ ಮೆಕ್ಸಿಕೋದ ಪೆಸಿಫಿಕ್ ಕರಾವಳಿಯಲ್ಲಿ 8ರ ತೀವ್ರತೆಯ ಭೂಕಂಪವಾಯಿತು. ಹಾನಿ ಜಾಸ್ತಿ ಆಗಬೇಕಿದ್ದು ಕರಾವಳಿಯಲ್ಲೇ, ಅಲ್ವಾ? ಆದರೆ ಸತ್ತ ಸಾವಿರಾರು ಜನರಲ್ಲಿ ಹೆಚ್ಚಿನವರು ಅಲ್ಲಿಂದ 350 ಕಿಲೋಮೀಟರಿಗೂ ದೂರದ ರಾಜಧಾನಿ ಮೆಕ್ಸಿಕೋ ಸಿಟಿಯವರು.

ಕಾರಣ ಆ ಊರಿನ ಬುಡದಲ್ಲಿದೆ. ಅಜ್ಟೆಕ್ ಜನ ಅದನ್ನು ಕಟ್ಟಿದ್ದು ಟೆಸ್ಕೋಕೋ ಸರೋವರದ ನಡುಗಡ್ಡೆಯಲ್ಲಿ. 1521ರಲ್ಲಿ ಊರು ಗೆದ್ದ ಸ್ಪೇನಿನವರು ಮುಂದೆ ನೆರೆಯ ಕಾಟ ತಾಳಲಾರದೆ ನೀರನ್ನೇ ಹೊರಗೆ ಹರಿಸತೊಡಗಿದರು. ಸರೋವರ ಒಣಗಿದಷ್ಟೂ ಊರು ಹರಡಿತು. 1950ರಲ್ಲಿ ಸುಮಾರು 30 ಲಕ್ಷ ಇದ್ದ ಜನ 1985ರ ಹೊತ್ತಿಗೆ ಒಂದು ಕೋಟಿ ದಾಟಿದ್ದರು. ಕೆರೆಯಂಗಳದ ಮೇಲೆ ಹತ್ತು ಹನ್ನೆರಡು ಮಹಡಿಯ ಕಟ್ಟಡಗಳೆದ್ದವು.

ಅಲ್ಲಿನ ಜೇಡಿಮಣ್ಣಿನಲ್ಲಿ ಮಣ್ಣಿಗಿಂತ ನೀರಿನ ತೂಕವೇ ಜಾಸ್ತಿ. ಬಂಡೆಯಲ್ಲಿ ಸರ್ರನೆ ಸಾಗುವ ಭೂಕಂಪದ ಅಲೆ ಇಂಥ ಮಣ್ಣಿಗೆ ಬಂದರೆ ನಿಧಾನವಾಗುತ್ತದೆ, ತೂಗಾಟ ಮಾತ್ರ ದೊಡ್ಡದಾಗುತ್ತದೆ. ಅವತ್ತು ಕೆರೆಯಂಗಳದ ನೆಲ ಸುಮಾರು 2 ಸೆಕೆಂಡಿಗೊಮ್ಮೆ ಅತ್ತಿತ್ತ ತೂಗಿತು. ಕಟ್ಟಡಗಳಿಗೂ ಅವುಗಳದೇ ಲಯ ಇರುತ್ತದೆ. ಎತ್ತರ ಹೆಚ್ಚಿದಷ್ಟೂ ಅದು ನಿಧಾನ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಿದ್ದರೆ ಅದು ಏರುತ್ತಲೇ ಹೋಗುತ್ತದಲ್ಲ, 6ರಿಂದ 15 ಮಹಡಿಯ ಕಟ್ಟಡಗಳಿಗೆ ಆದದ್ದೂ ಅದೇ. ಬಿರುಕು ಬಿಟ್ಟಂತೆ ಅವುಗಳ ಲಯ ಇನ್ನೂ ನಿಧಾನವಾಗಿ, ನೆಲದ ಲಯಕ್ಕೆ ಇನ್ನೂ ಹತ್ತಿರವಾಯಿತು. 44 ಮಹಡಿಯ ಲ್ಯಾಟಿನೋ ಅಮೆರಿಕಾನಾ ಗೋಪುರ ಮಾತ್ರ ಅಲ್ಲಾಡಿ ಸುಮ್ಮನಾಯಿತು. ಅದನ್ನು ಕಟ್ಟಿದವರು ನೆಲದ ಗುಣ ತಿಳಿದು, ಆಳದ ಗಟ್ಟಿ ಪದರದವರೆಗೆ ಕಂಬ ಇಳಿಸಿದ್ದರು.

ನಮ್ಮಲ್ಲೂ ಇಂಥದ್ದು ನಡೆದಿದೆ. 2001ರ ಜನವರಿ 26ರಂದು ಭುಜ್ ನಡುಗಿದಾಗ, 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಕಟ್ಟಡ ಕುಸಿದವು. ಬುಡದಲ್ಲಿ ಸಾಬರಮತಿಯ ಮೆಕ್ಕಲು. ಸಾಲದ್ದಕ್ಕೆ ಅವುಗಳಲ್ಲಿ ಬಹಳಷ್ಟು, ಕಾರು ನಿಲ್ಲಿಸಲೆಂದು ನೆಲಮಹಡಿಯನ್ನು ಗೋಡೆಯಿಲ್ಲದೆ ಖಾಲಿ ಬಿಟ್ಟವು. ಮೇಲಿನ ಮಹಡಿಗಳು ಗೋಡೆಗಳಿಂದ ಬಿಗಿಯಾಗಿರುತ್ತವೆ, ಅಲುಗಾಟವನ್ನೆಲ್ಲ ಕೆಳಗಿನ ಕಂಬಗಳೇ ತಡೆಯಬೇಕು.

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇದೇ ನಮೂನೆಯ ಅಪಾರ್ಟ್‌ಮೆಂಟುಗಳು ಸಿಗುತ್ತವೆ. ಇಲ್ಲಿ ದೊಡ್ಡ ಭೂಕಂಪದ ಭಯ ಕಡಿಮೆ. ದಿಲ್ಲಿ, ಗುವಾಹಟಿಗಳಲ್ಲಿ ಆ ಮಾತು ನಡೆಯುವುದಿಲ್ಲ. ಹಳೆಯ ಕಟ್ಟಡದಲ್ಲೂ ಕೆಲವು ಕಂಬಗಳ ನಡುವೆ ಕಾಂಕ್ರೀಟ್ ಗೋಡೆ ಎಬ್ಬಿಸಿ ಬಲಪಡಿಸಬಹುದು. ಆದರೆ ನಾಲ್ಕಾರು ಕಾರುಗಳ ಜಾಗ ಹೋಗುತ್ತದೆ. ನಿವಾಸಿಗಳ ಸಂಘದ ಮೀಟಿಂಗಿನಲ್ಲಿ ಇದನ್ನು ಒಪ್ಪಿಸುವಷ್ಟರಲ್ಲಿ ಎಂಜಿನಿಯರಿಗೆ ಸಾಕುಸಾಕಾಗುತ್ತದೆ.