ಕ್ರಷ್ ಬ್ಯಾರಿಯರ್

ಜನ ನಿಂತೇ ಆಟ ನೋಡುವ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ, ಸೊಂಟಕ್ಕಿಂತ ತುಸು ಮೇಲೆ ಬರುವಂತೆ ಅಡ್ಡಲಾಗಿ ನೆಟ್ಟ ಉಕ್ಕಿನ ಕಂಬಿಗಳಿಗೆ ಕ್ರಷ್ ಬ್ಯಾರಿಯರ್ ಎಂದು ಹೆಸರು. ಕನ್ನಡದಲ್ಲಿ ‘ಒತ್ತಡ ತಡೆಗಂಬಿ’ ಎನ್ನಬಹುದು. ಮೈದಾನದ ಅಂಚಿನ ಬೇಲಿಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಬೇಲಿ ಜನರನ್ನು ತಡೆಯುತ್ತದೆ, ಈ ಕಂಬಿ ಹಿಂದಿನಿಂದ ಬರುವ ನೂಕನ್ನು ತಡೆಯುತ್ತದೆ.

ಗೋಲು ಬಿದ್ದಾಗ ಮೇಲಿನ ಸಾಲಿನವರು ಒಂದು ಹೆಜ್ಜೆ ಮುಂದೆ ಬಾಗಿದರೆ ಸಾಕು, ಆ ಭಾರ ಸಾಲಿನಿಂದ ಸಾಲಿಗೆ ಕೂಡುತ್ತಾ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ. ನಡುವೆ ಕಂಬಿಯಿದ್ದರೆ ಭಾರ ಅಲ್ಲಿಗೇ ನಿಂತು ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ಅಷ್ಟೂ ಮುಂದಿನವರ ಎದೆಯ ಮೇಲೆ. ಚದರ ಮೀಟರಿಗೆ ಆರೇಳು ಜನ ದಾಟಿತೆಂದರೆ ಯಾರ ಹೆಜ್ಜೆಯೂ ಅವರ ಹಿಡಿತದಲ್ಲಿ ಉಳಿಯುವುದಿಲ್ಲ, ಗುಂಪು ನೀರಿನಂತೆ ತೊನೆಯತೊಡಗುತ್ತದೆ. ಎದೆ ಹಿಗ್ಗಲು ಜಾಗವಿಲ್ಲದೆ ಜನ ನಿಂತಲ್ಲೇ ಉಸಿರುಗಟ್ಟಿ ಸಾಯುತ್ತಾರೆ. ಇಂಥ ಸಾವಿಗೆ ‘ಕಾಲ್ತುಳಿತ’ ಎಂದು ಬರೆಯುವುದು ತಪ್ಪು, ಸತ್ತವರಿಗೆ ಅನ್ಯಾಯ ಕೂಡ. ಆ ಪದ ತುಳಿದವರನ್ನು ಹುಡುಕಿಸುತ್ತದೆ, ಜಾಗವನ್ನು ಕಟ್ಟಿದವರನ್ನೂ ತುಂಬಿಸಿದವರನ್ನೂ ಮರೆಸುತ್ತದೆ.

ಬ್ರಿಟನ್ನಿನಲ್ಲಿ 1973ರಿಂದ ಬಳಕೆಯಲ್ಲಿರುವ ‘ಗ್ರೀನ್ ಗೈಡ್’ ಎಂಬ ಮಾರ್ಗಸೂಚಿ ಕಂಬಿಯ ಲೆಕ್ಕವನ್ನು ಬಿಡಿಬಿಡಿಯಾಗಿ ಕೊಡುತ್ತದೆ. ಎತ್ತರ 1.02ರಿಂದ 1.12 ಮೀಟರ್. ತೀರಾ ಕೆಳಗಿದ್ದರೆ ಮೈ ಕಂಬಿಯ ಮೇಲೆ ಮಡಚಿ ಬೀಳುತ್ತದೆ, ಮೇಲಿದ್ದರೆ ಪಕ್ಕೆಲುಬಿಗೇ ಒತ್ತುತ್ತದೆ. ಎರಡು ಕಂಬಿಗಳ ನಡುವಿನ ದೂರ ಇಳಿಜಾರನ್ನು ಅವಲಂಬಿಸಿದೆ: ಇಳಿಜಾರು ಕಡಿದಾದಷ್ಟೂ ಕಂಬಿಗಳು ಹತ್ತಿರ ಬರಬೇಕು. ಒಂದು ಸಾಲಿನಲ್ಲಿ ಸಂದು ಬಿಟ್ಟರೆ ಅದರ ನೇರಕ್ಕೆ ಮುಂದಿನ ಸಾಲಿನಲ್ಲೂ ಸಂದು ಬರಕೂಡದು. ಬಂದರೆ ನೂಕು ಅದೇ ಓಣಿಯಲ್ಲಿ ನೆಟ್ಟಗೆ ಹರಿಯುತ್ತದೆ. ಗಟ್ಟಿ ಕಂಬಿಯೊಂದು ಮೀಟರ್ ಉದ್ದಕ್ಕೆ 5 ಕಿಲೋನ್ಯೂಟನ್, ಹೆಚ್ಚುಕಡಿಮೆ ಅರ್ಧ ಟನ್ ತೂಕದಷ್ಟು ಅಡ್ಡಬಲ ತಾಳಬೇಕು. ಪರೀಕ್ಷೆಯಲ್ಲಿ ಅದರ 1.2 ಪಟ್ಟು ಬಲ ಹಾಕಿ ಐದು ನಿಮಿಷ ಹಿಡಿಯುತ್ತಾರೆ, ಬಿಟ್ಟ ಮೇಲೆ ಬಾಗಿದ್ದರಲ್ಲಿ 75 ಶೇಕಡಾವಾದರೂ ಹಿಂದಕ್ಕೆ ಬರಬೇಕು. ಬಣ್ಣ ನೋಡಿ ಸಮಾಧಾನಪಡುವುದು ಅಪಾಯ. ತುಕ್ಕು ಹಿಡಿಯುವುದು ಕಂಬ ಕಾಂಕ್ರೀಟಿಗೆ ಸೇರುವ ಬುಡದಲ್ಲಿ, ನೀರು ನಿಲ್ಲುವ ಜಾಗದಲ್ಲಿ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಜನ ನಿಲ್ಲಲು ಬೇಲಿ ಹಾಕಿ ವಿಂಗಡಿಸಿದ್ದ ಭಾಗಗಳಲ್ಲಿ ಕಿಕ್ಕಿರಿದಿದ್ದ 3ನೆಯದರ 124ಎ ಎಂಬ ಕಂಬಿ ಮುರಿದುಬಿತ್ತು. ಅದೇ ಭಾಗದ ಇನ್ನೊಂದು ಕಂಬಿಯನ್ನು 1986ರಲ್ಲಿ ತೆಗೆಯಲಾಗಿತ್ತು, ಆದರೆ ಎಷ್ಟು ಜನ ನಿಲ್ಲಬಹುದೆಂಬ ಸಂಖ್ಯೆಯನ್ನು ಇಳಿಸಿರಲಿಲ್ಲ. ಆ ದುರಂತದಲ್ಲಿ ಪ್ರಾಣ ಕಳೆದುಕೊಂಡವರು 97 ಮಂದಿ. ಕಂಬಿ ತೆಗೆದ ದಿನವೇ ಲೆಕ್ಕ ಹೊಸದಾಗಿ ಹಾಕಬೇಕಿತ್ತು, ಏಕೆಂದರೆ ಜಾಗದ ಸಾಮರ್ಥ್ಯವನ್ನು ಕಂಬಿಗಳೇ ನಿರ್ಧರಿಸುತ್ತವೆ. ಎಲ್ಲವೂ ಸರಿಯಿರುವ ಕಡೆ ಗ್ರೀನ್ ಗೈಡ್ ಒಪ್ಪುವ ಗರಿಷ್ಠ ಮಿತಿ 10 ಚದರ ಮೀಟರಿಗೆ 47 ಜನ. ಕಂಬಿಯ ಬಲ ಕುಂದಿದ್ದರೆ, ಅಂತರ ಹೆಚ್ಚಿದ್ದರೆ, ಅಥವಾ ಮೇಲ್ವಿಚಾರಣೆ ಸಡಿಲವಿದ್ದರೆ ಅದಕ್ಕೆ ತಕ್ಕಂತೆ ಸಂಖ್ಯೆ ಕೆಳಗಿಳಿಯುತ್ತದೆ.

ಈಗ ಇಂಗ್ಲೆಂಡಿನಲ್ಲಿ ಪರವಾನಗಿ ಪಡೆದು ಹಾಕುವ ‘ರೈಲ್ ಸೀಟ್’, ಅಂದರೆ ನಿಂತು ನೋಡಲು ಕಂಬಿ ಜೋಡಿಸಿದ ಆಸನ, ಇದೇ ತತ್ವದ ಮುಂದುವರಿಕೆ: ಸಾಲಿಗೊಂದು ಕಂಬಿ, ಆಸನಕ್ಕೊಬ್ಬರು. ಎರಡು ಸಾಲಿನ ನೂಕು ಒಂದಾಗುವ ಮೊದಲೇ ಕಂಬಿ ಎದುರಾಗುತ್ತದೆ. ಆದರೆ ಟಿಕೆಟ್ಟಿಲ್ಲದವರು ಪಕ್ಕದ ಸಾಲಿನಿಂದ ನುಸುಳಿ ಒಂದೇ ಆಸನದ ಮುಂದೆ ಇಬ್ಬರು ನಿಂತರೆ ಲೆಕ್ಕ ಕೆಡುತ್ತದೆ. ಆದ್ದರಿಂದ ಆ ಭಾಗದ ಬಾಗಿಲಲ್ಲಿ ಟಿಕೆಟ್ ನೋಡುವ ಸಿಬ್ಬಂದಿ ಆಟ ಮುಗಿಯುವ ತನಕ ಜಾಗ ಬಿಟ್ಟು ಕದಲುವಂತಿಲ್ಲ.